ಫಾರ್ಮಲಿನ್ ಬಾಟಲಿಗೆ ಬೀಳುವ ಮುನ್ನ

ಶಸ್ತ್ರಚಿಕಿತ್ಸಾ ಕೊಠಡಿಯಿಂದ ನಮ್ಮ ಪ್ಯಾಥಾಲಜಿ ವಿಭಾಗಕ್ಕೆ ಬರುವ ಅಂಗಾಂಶದ ತುಣುಕುಗಳು ಬಹುತೇಕ ಫಾರ್ಮಲಿನ್‌ನಲ್ಲಿ ಮುಳುಗಿಯೇ ಬರುತ್ತವೆ. ತುಣುಕು ಕೊಳೆಯದಂತೆ, ಆಕಾರ ಕೆಡದಂತೆ ಕಾಯುವುದು ಆ ದ್ರಾವಣದ ಕೆಲಸ. ಅದರೊಳಗೆ ಜೀವಂತವಾಗಿದ್ದದ್ದನ್ನೆಲ್ಲ ಕೊಂದುಹಾಕುವುದೂ ಅದರ ಕೆಲಸವೇ. ಕ್ಯಾನ್ಸರನ್ನು ಗುರುತಿಸುವುದಕ್ಕೆ ಇದರಿಂದ ಅಡ್ಡಿಯೇನೂ ಇಲ್ಲ. ಆದರೆ ಕರುಳಿನ ಗೋಡೆಯೊಳಗೆ ಶಿಲೀಂಧ್ರ ಬೆಳೆದು ಗಡ್ಡೆ ಕಟ್ಟಿರುವ ರೋಗಿಯ ವಿಷಯದಲ್ಲಿ, ರೋಗಕ್ಕೆ ಸರಿಯಾದ ಹೆಸರು ಸಿಗುವುದೋ ಇಲ್ಲವೋ ಎಂಬುದು ಅನೇಕ ವೇಳೆ ಆ ಬಾಟಲಿಯ ಬಳಿಯೇ ತೀರ್ಮಾನವಾಗಿಬಿಡುತ್ತದೆ. ನಾನೇ ಬರೆದ ಒಂದು ದಾರಿತಪ್ಪಿದ ವರದಿ ನನಗೆ ಇದನ್ನು ಕಲಿಸಿತು.

ಹುಡುಗನಿಗೆ ಒಂಬತ್ತು ವರ್ಷ, ಮಲೆನಾಡಿನ ಕಡೆಯವನು. (ಗುರುತು ಹತ್ತದಂತೆ ಒಂದೆರಡು ವಿವರಗಳನ್ನು ಬದಲಿಸಿ ಬರೆಯುತ್ತಿದ್ದೇನೆ.) ಮೂರು ತಿಂಗಳಿಂದ ಹೊಟ್ಟೆನೋವು, ಬಿಟ್ಟುಬಿಟ್ಟು ಬರುವ ಜ್ವರ, ಮಲಬದ್ಧತೆ, ಇಳಿಯುತ್ತಲೇ ಇದ್ದ ತೂಕ, ಹೊಟ್ಟೆಯ ಬಲಗಡೆ ಕೆಳಭಾಗದಲ್ಲಿ ಕೈಗೆ ಸಿಗುವ ಗಟ್ಟಿ ಗಡ್ಡೆ. ರಕ್ತದಲ್ಲಿ ಬಿಳಿಕಣಗಳ ಸಂಖ್ಯೆ 21,000 ಇತ್ತು, ಅವುಗಳಲ್ಲಿ ಇಯೊಸಿನೊಫಿಲ್‌ಗಳೇ ನೂರಕ್ಕೆ 30. ಅಂದರೆ ಒಂದು ಮೈಕ್ರೋಲೀಟರ್ ರಕ್ತದಲ್ಲಿ ಸುಮಾರು 6,300; ಆರೋಗ್ಯವಂತರಲ್ಲಿ ಇದು ಸಾಮಾನ್ಯವಾಗಿ 500ರ ಒಳಗೇ ಇರುತ್ತದೆ. ಇಯೊಸಿನೊಫಿಲ್ ಏರಿದೆ ಎಂದರೆ ಜಂತುಹುಳು, ಇಲ್ಲವೇ ಅಲರ್ಜಿ ಎಂದು ನಮ್ಮಲ್ಲಿ ಎಲ್ಲರೂ ಒಪ್ಪಿಕೊಂಡುಬಿಡುತ್ತೇವೆ. ಹಾಗಾಗಿ ಆಲ್ಬೆಂಡಜೋಲ್ ಕೊಟ್ಟು ಆ ಸಂಖ್ಯೆಯನ್ನು ಮರೆತದ್ದಾಯಿತು. ಸಿ.ಟಿ. ಸ್ಕ್ಯಾನಿನಲ್ಲಿ ಸಣ್ಣ ಕರುಳು ದೊಡ್ಡ ಕರುಳನ್ನು ಸೇರುವ ಜಾಗದಲ್ಲಿ ಗೋಡೆ ದಪ್ಪಗಟ್ಟಿದ್ದು ಕಂಡಿತು. ಕೊಲೊನೋಸ್ಕೋಪಿಯಲ್ಲಿ ಚಿವುಟಿ ತೆಗೆದ ನಾಲ್ಕು ಪುಟ್ಟ ತುಣುಕುಗಳು ನನ್ನ ಮೇಜಿಗೆ ಬಂದವು. ಅವುಗಳಲ್ಲಿ ಉರಿಯೂತವಿತ್ತು, ಒಂದು ಅಸ್ಪಷ್ಟ ಗ್ರ್ಯಾನುಲೋಮಾ (ಉರಿಯೂತದ ಕೋಶಗಳು ಒತ್ತೊತ್ತಾಗಿ ಕಟ್ಟಿಕೊಂಡ ಗಂಟು) ಇತ್ತು, ಇಯೊಸಿನೊಫಿಲ್‌ಗಳು ಬೇಕಾದಷ್ಟಿದ್ದವು. ನಾನು ವರದಿಯಲ್ಲಿ ಕ್ಷಯದ ಸಾಧ್ಯತೆಯನ್ನು ಪರಿಗಣಿಸಬಹುದು ಎಂದು ಬರೆದು ಸಹಿ ಹಾಕಿದೆ.

ಆ ವಾಕ್ಯ ಬರೆಯಲು ನಮ್ಮ ದೇಶದಲ್ಲಿ ಯಾರಿಗೂ ಅಳುಕಿಲ್ಲ, ಅದಕ್ಕೆ ಕಾರಣವೂ ಇದೆ. ಈ ಜಾಗದಲ್ಲಿ ಗಡ್ಡೆ, ಜ್ವರ, ತೂಕ ಇಳಿಕೆ ಇದ್ದರೆ ಮೊದಲು ನೆನೆಯಬೇಕಾದದ್ದು ಕರುಳಿನ ಕ್ಷಯವನ್ನೇ. ಕರುಳಿನ ಕ್ಷಯದಲ್ಲಿ ಬ್ಯಾಕ್ಟೀರಿಯಾಗಳ ಸಂಖ್ಯೆ ಬಹಳ ಕಡಿಮೆ ಇರುವುದರಿಂದ ಜೀನ್‌ಎಕ್ಸ್‌ಪರ್ಟ್ ಪರೀಕ್ಷೆ ನೆಗೆಟಿವ್ ಬಂದರೂ ಕ್ಷಯವಿಲ್ಲ ಎಂದು ಹೇಳಲಾಗದು. ಹೀಗಾಗಿ ನೆಗೆಟಿವ್ ವರದಿ ಕೈಯಲ್ಲಿದ್ದಾಗಲೂ ಔಷಧ ಶುರುಮಾಡಿ ನೋಡುವ ಪದ್ಧತಿ ಬೆಳೆದಿದೆ. ಹುಡುಗನಿಗೂ ಹಾಗೆಯೇ ಕ್ಷಯದ ಔಷಧ ಶುರುವಾಯಿತು. ತೊಂದರೆ ಇರುವುದು ನೋಡುವ ಭಾಗದಲ್ಲಿ. ಆರು ವಾರ ಕಳೆದ ಮೇಲೂ ಗಡ್ಡೆ ಕರಗಿರಲಿಲ್ಲ, ಬದಲಿಗೆ ತುಸು ಬೆಳೆದೇ ಇತ್ತು. ಹುಡುಗನ ಅಜ್ಜಿ ಶಸ್ತ್ರಚಿಕಿತ್ಸಕರ ಬಳಿ, "ಮಾತ್ರೆ ನುಂಗಿ ನುಂಗಿ ಉಚ್ಚೆ ಕೆಂಪಾಯ್ತೇ ಹೊರತು ಗಡ್ಡೆ ಕರಗಲಿಲ್ಲ ಡಾಕ್ಟ್ರೇ" ಎಂದರಂತೆ. ಮೂತ್ರಕ್ಕೆ ಕೆಂಪು ಬಣ್ಣ ಕೊಡುವುದು ಕ್ಷಯದ ಔಷಧಗಳಲ್ಲೊಂದಾದ ರಿಫಾಂಪಿಸಿನ್. ಅಜ್ಜಿಯ ಈ ಮಾತಿಗೆ ಚಿಕಿತ್ಸೆಯ ಹಂತದಲ್ಲಿ ಎಷ್ಟು ತೂಕವಿತ್ತೆಂಬುದನ್ನು ಆಮೇಲೆ ಹೇಳುತ್ತೇನೆ.

ಕರುಳು ಕಟ್ಟಿಕೊಳ್ಳುವ ಲಕ್ಷಣ ಕಾಣಿಸಿದ್ದರಿಂದ ಶಸ್ತ್ರಚಿಕಿತ್ಸೆ ಮಾಡಬೇಕಾಯಿತು. ಕತ್ತರಿಸಿ ತೆಗೆದ ಕರುಳಿನ ಭಾಗವನ್ನು ಸೀಳಿ ನೋಡಿದಾಗ ಒಳಪದರ ಹೆಚ್ಚುಕಡಿಮೆ ಸರಿಯಾಗಿಯೇ ಇತ್ತು. ಅದರ ಕೆಳಗಿನ ಪದರ ಮತ್ತು ಸ್ನಾಯುವಿನ ಪದರ ಮಾತ್ರ ಹಳದಿ ಬೆರೆತ ಬಿಳಿ ಬಣ್ಣಕ್ಕೆ ತಿರುಗಿ, ಬೆರಳಿಗಿಂತ ದಪ್ಪವಾಗಿ ಗಟ್ಟಿಯಾಗಿದ್ದವು. ಕೊಲೊನೋಸ್ಕೋಪಿಯ ಚಿಮಟ ಮೇಲ್ಪದರವನ್ನಷ್ಟೇ ಚಿವುಟಬಲ್ಲದು, ರೋಗ ಕುಳಿತಿದ್ದದ್ದು ಅದರ ಕೆಳಗೆ. ಸ್ಲೈಡಿನಲ್ಲಿ ಇಯೊಸಿನೊಫಿಲ್‌ಗಳ ಸಾಗರ, ದೈತ್ಯಕೋಶಗಳು, ಅವುಗಳ ನಡುನಡುವೆ ಉಜ್ವಲ ಗುಲಾಬಿ ಬಣ್ಣದ ಕಿರಣಗಳಂತೆ ಹರಡಿದ ವಸ್ತು; ಪ್ರತಿಯೊಂದು ಗುಲಾಬಿ ಕಿರಣಪುಂಜದ ಮಧ್ಯದಲ್ಲಿ ಖಾಲಿ ಕೊಳವೆಯಂತೆ ಕಾಣುವ ಒಂದು ಅಗಲವಾದ ಎಳೆ. ಎಳೆಯ ಗೋಡೆ ತೆಳು, ಅಡ್ಡಗೋಡೆಗಳು ಅಪರೂಪ, ಅಗಲ ಒಂದು ಕೆಂಪು ರಕ್ತಕಣದಷ್ಟು, ಕೆಲವೆಡೆ ಅದರ ಎರಡರಷ್ಟು. ಎಳೆಯನ್ನು ಸುತ್ತುವರಿದ ಈ ಗುಲಾಬಿ ಹೊದಿಕೆಗೆ ಸ್ಪ್ಲೆಂಡೋರ್-ಹೋಪ್ಲಿ ವಿದ್ಯಮಾನ ಎಂದು ಹೆಸರು. 1908ರಲ್ಲಿ ಬ್ರೆಜಿಲ್‌ನಲ್ಲಿ ಸ್ಪ್ಲೆಂಡೋರ್ ಎಂಬಾತ ಸ್ಪೋರೋಟ್ರೈಕೋಸಿಸ್ ಎಂಬ ಬೇರೊಂದು ಶಿಲೀಂಧ್ರ ರೋಗದಲ್ಲಿ, 1932ರಲ್ಲಿ ಹೋಪ್ಲಿ ಎಂಬಾತ ಪರೋಪಜೀವಿ ಹುಳುವಿನ ಮೊಟ್ಟೆಗಳ ಸುತ್ತ ಇದನ್ನು ವರ್ಣಿಸಿದರು. ಶರೀರದ ಪ್ರತಿಕಾಯಗಳೂ ಒಡೆದ ಇಯೊಸಿನೊಫಿಲ್‌ಗಳ ಸಾಮಗ್ರಿಯೂ ಸೇರಿ ಶತ್ರುವಿನ ಸುತ್ತ ಗಡ್ಡೆಗಟ್ಟಿದಾಗ ಹೀಗೆ ಕಾಣುತ್ತದೆ. ಅಡ್ಡಲಾಗಿ ಕತ್ತರಿಸಲ್ಪಟ್ಟ ಎಳೆಯು ಖಾಲಿ ವೃತ್ತದಂತೆ ಕಾಣುವುದರಿಂದ, ಹುಡುಕುವ ಮನಸ್ಸಿಲ್ಲದ ಕಣ್ಣಿಗೆ ಅದು ಪುಟ್ಟ ರಕ್ತನಾಳವೋ ಹುಳುವಿನ ಮೊಟ್ಟೆಯೋ ಆಗಿ ದಾಟಿಹೋಗುತ್ತದೆ. ಹಳೆಯ ಸ್ಲೈಡುಗಳನ್ನು ಮತ್ತೆ ತೆಗೆದು ನೋಡಿದೆ. ಅಲ್ಲಿ ಎಳೆಗಳಿರಲಿಲ್ಲ, ಆದರೆ ಕ್ಷಯದಲ್ಲಿ ಇಷ್ಟೊಂದು ಇಯೊಸಿನೊಫಿಲ್‌ಗಳಿಗೆ ಏನು ಕೆಲಸ ಎಂಬ ಪ್ರಶ್ನೆಯನ್ನು ನಾನು ಅಂದೇ ಕೇಳಿಕೊಳ್ಳಬೇಕಿತ್ತು. ಕೇಳಿದ್ದರೆ ಇನ್ನೂ ಆಳದ ತುಣುಕು ಬೇಕೆಂದು ಒಂದು ಸಾಲು ಬರೆಯುತ್ತಿದ್ದೆ.

ರೋಗದ ಹೆಸರು ಬೆಸಿಡಿಯೋಬೋಲೋಮೈಕೋಸಿಸ್. ಅದನ್ನು ತರುವ ಶಿಲೀಂಧ್ರ ಬೆಸಿಡಿಯೋಬೋಲಸ್ ರನೇರಮ್. ರನೇರಮ್ ಎಂದರೆ ಲ್ಯಾಟಿನ್ ಭಾಷೆಯಲ್ಲಿ 'ಕಪ್ಪೆಗಳ' ಎಂದರ್ಥ. 1886ರಲ್ಲಿ ಐಡಾಮ್ ಎಂಬ ಜರ್ಮನ್ ವಿಜ್ಞಾನಿ ಅದನ್ನು ಕಪ್ಪೆಯ ಮಲದಲ್ಲಿ ಬೆಳೆಯುವ ಶಿಲೀಂಧ್ರವೆಂದು ವರ್ಣಿಸಿದ ಕಾರಣ ಆ ಹೆಸರು ನಿಂತಿತು. ಕಪ್ಪೆ ಮಾತ್ರವಲ್ಲ, ಹಲ್ಲಿ, ಓತಿಕ್ಯಾತ, ಬಾವಲಿಗಳ ಕರುಳಿನಲ್ಲೂ, ಕೊಳೆತ ಎಲೆಗಳಲ್ಲೂ, ಮಣ್ಣಿನಲ್ಲೂ ಅದು ಸಿಗುತ್ತದೆ. ಅದರ ಬದುಕಿನ ಚಕ್ರ ಸೊಗಸಾಗಿದೆ: ಪ್ರಾಣಿಯ ಹಿಕ್ಕೆಯ ಮೇಲೆ ಬೆಳೆದ ಶಿಲೀಂಧ್ರ ತನ್ನ ಬೀಜಕಗಳನ್ನು ಸಿಡಿಸಿ ಎಸೆಯುತ್ತದೆ, ಇನ್ನೊಂದು ಬಗೆಯ ಬೀಜಕಗಳು ಅಂಟಿನ ತುದಿಯಿಂದ ಕೀಟಗಳ ಮೈಗೆ ಹತ್ತಿಕೊಳ್ಳುತ್ತವೆ, ಆ ಕೀಟವನ್ನು ಕಪ್ಪೆಯೋ ಹಲ್ಲಿಯೋ ನುಂಗುತ್ತದೆ, ಮತ್ತೆ ಹಿಕ್ಕೆಯ ಮೂಲಕ ನೆಲಕ್ಕೆ. ಕಪ್ಪೆಗಾಗಲೀ ಹಲ್ಲಿಗಾಗಲೀ ಇದರಿಂದ ಕಾಯಿಲೆಯೇನೂ ಆಗದು.

ಹಲ್ಲಿಯ ಹೆಸರು ಬಂದ ಮೇಲೆ ಒಂದು ಮಾತು ಹೇಳದೆ ಮುಂದೆ ಹೋಗುವಂತಿಲ್ಲ. ಹಲ್ಲಿ ಬಿದ್ದ ಅಡುಗೆ ವಿಷವಾಗುತ್ತದೆ ಎಂಬ ನಂಬಿಕೆ ನಮ್ಮ ಮನೆಗಳಲ್ಲಿ ಗಟ್ಟಿಯಾಗಿದೆ. ನಮ್ಮ ಗೋಡೆಯ ಹಲ್ಲಿಯಲ್ಲಿ ವಿಷವಿಲ್ಲ. ಅಡುಗೆಯನ್ನು ಚೆಲ್ಲಬೇಕಾದದ್ದು ಅದರ ಹಿಕ್ಕೆ, ಮೈಕೊಳೆಗಳಲ್ಲಿರುವ ಸೂಕ್ಷ್ಮಜೀವಿಗಳ ಕಾರಣಕ್ಕೆ. ಬೆಸಿಡಿಯೋಬೋಲಸ್ ಮನುಷ್ಯರ ಹೊಟ್ಟೆಗೆ ಸೇರುವುದು ಮಣ್ಣು ಅಥವಾ ಹಿಕ್ಕೆ ತಾಗಿದ ಆಹಾರದ ಮೂಲಕ ಎಂಬ ಊಹೆ ಬಲವಾಗಿದೆಯಾದರೂ, ಅದು ಇನ್ನೂ ಊಹೆಯೇ. ಆದ್ದರಿಂದ ಹುಡುಗನ ಮನೆಯವರು ಹಲ್ಲಿಗಳನ್ನು ಹುಡುಕಿ ಹುಡುಕಿ ಕೊಲ್ಲಲು ಹೊರಟಾಗ ಬೇಡವೆಂದೆ. ತಿನ್ನುವುದನ್ನು ಮುಚ್ಚಿಡಿ, ಹಸಿ ತರಕಾರಿಯನ್ನು ತೊಳೆದು ತಿನ್ನಿ, ಮಗು ಮಣ್ಣು ತಿನ್ನುವ ಚಟದ್ದಾದರೆ ಬಿಡಿಸಿ ಎಂದಷ್ಟೇ ಹೇಳಿದೆ.

ಮನುಷ್ಯರಲ್ಲಿ ಈ ಶಿಲೀಂಧ್ರದ ರೋಗ ಮೊದಲು ವರದಿಯಾದದ್ದು 1956ರಲ್ಲಿ, ಇಂಡೋನೇಷ್ಯಾದಿಂದ. ಅದು ಚರ್ಮದಡಿಯ ರೋಗ: ಹೆಚ್ಚಾಗಿ ಮಕ್ಕಳ ತೊಡೆ, ಪೃಷ್ಠಗಳಲ್ಲಿ ನೋವಿಲ್ಲದ, ಹಲಗೆಯಂತೆ ಗಟ್ಟಿಯಾದ, ಅಂಚಿನ ಕೆಳಗೆ ಬೆರಳು ತೂರಿಸಿ ಎತ್ತಬಹುದಾದ ಊತ. ದಕ್ಷಿಣ ಭಾರತದ ಚರ್ಮವೈದ್ಯರಿಗೆ ಇದು ಹಳೆಯ ಪರಿಚಯ. ಕರುಳಿನ ರೋಗವಾದರೋ ಬಹುಕಾಲ ಅಲ್ಲೊಂದು ಇಲ್ಲೊಂದು ಎಂಬಂತೆ ಇತ್ತು. 1994ರಿಂದ 1999ರ ನಡುವೆ ಅಮೆರಿಕದ ಅರಿಜೋನಾ ರಾಜ್ಯದಲ್ಲಿ ಏಳು ಮಂದಿಯಲ್ಲಿ ಕಾಣಿಸಿದಾಗ ಅದರತ್ತ ಗಮನ ಹೋಯಿತು. ಅಲ್ಲಿ ತನಿಖೆ ನಡೆಸಿದವರಿಗೆ, ಹೊಟ್ಟೆಯ ಆಮ್ಲ ತಗ್ಗಿಸುವ ರಾನಿಟಿಡಿನ್ ಮಾತ್ರೆಯನ್ನು ಮೊದಲು ಬಳಸಿದವರಲ್ಲಿ ಈ ರೋಗದ ಸಾಧ್ಯತೆ ಹೆಚ್ಚೆಂದು ಕಂಡಿತು. ಜಠರದ ಆಮ್ಲವೆಂಬ ಕಾವಲುಗಾರ ದುರ್ಬಲನಾದರೆ ನುಂಗಿದ ಬೀಜಕ ಮುಂದೆ ದಾಟುತ್ತದೆ ಎಂಬ ವಿವರಣೆ ತರ್ಕಕ್ಕೆ ಒಪ್ಪುತ್ತದೆ. ನಮ್ಮಲ್ಲಿ ಗ್ಯಾಸಿನ ಮಾತ್ರೆಯನ್ನು ವರ್ಷಗಟ್ಟಲೆ ನುಂಗುವವರ ನೆನಪು ನನಗೆ ಆಗಾಗ ಬರುವುದು ಈ ಕಾರಣಕ್ಕೆ. ಸೌದಿ ಅರೇಬಿಯಾದ ನೈಋತ್ಯಕ್ಕಿರುವ ಅಸೀರ್ ಗುಡ್ಡಗಾಡಿನಲ್ಲಿ ಇದು ಹೆಚ್ಚಾಗಿ ಮಕ್ಕಳಲ್ಲಿ ಕಾಣುತ್ತದೆ; ಇರಾನ್‌ನಿಂದಲೂ ಭಾರತದಿಂದಲೂ ವರದಿಗಳಿವೆ. ಬಹುತೇಕ ರೋಗಿಗಳ ರೋಗನಿರೋಧಕ ಶಕ್ತಿ ಚೆನ್ನಾಗಿಯೇ ಇರುತ್ತದೆ ಎಂಬುದು ಇಲ್ಲಿ ಎಲ್ಲರನ್ನೂ ದಾರಿತಪ್ಪಿಸುವ ಅಂಶ. ಮಧುಮೇಹವಿಲ್ಲ, ಎಚ್‌ಐವಿ ಇಲ್ಲ, ಕಿಮೋಥೆರಪಿ ಇಲ್ಲ. ಅಂಥವರಿಗೆ ಹೊಟ್ಟೆಯೊಳಗೆ ಬೂಷ್ಟು ಬೆಳೆದೀತೆಂದು ಯಾರೂ ನೆನೆಸುವುದಿಲ್ಲ.

ಹೀಗೆ ನೆನೆಸದೆ ಇದ್ದಾಗ ಮೂರು ತಪ್ಪುಗಳು ಆಗುತ್ತವೆ. ಕ್ಷಯವೆಂದುಕೊಂಡರೆ ತಿಂಗಳುಗಳು ಕಳೆದುಹೋಗುತ್ತವೆ. ದೊಡ್ಡವರಲ್ಲಿ ಕ್ಯಾನ್ಸರ್ ಎಂದುಕೊಂಡರೆ ಔಷಧದಿಂದ ಕರಗಬಹುದಾಗಿದ್ದ ಗಡ್ಡೆಗೆ ಕರುಳಿನ ಉದ್ದವನ್ನೇ ತೆರಬೇಕಾಗುತ್ತದೆ. ಎಲ್ಲಕ್ಕಿಂತ ಅಪಾಯದ್ದು ಕ್ರೋನ್ಸ್ ಕಾಯಿಲೆ (ಕರುಳಿನ ದೀರ್ಘಕಾಲದ ಉರಿಯೂತ) ಎಂದುಕೊಳ್ಳುವುದು, ಏಕೆಂದರೆ ಅದಕ್ಕೆ ಕೊಡುವ ಸ್ಟೀರಾಯ್ಡ್ ಮೊದಲ ವಾರಗಳಲ್ಲಿ ಜ್ವರ, ನೋವು, ಇಯೊಸಿನೊಫಿಲ್ ಮೂರನ್ನೂ ಇಳಿಸಿ ಎಲ್ಲರಿಗೂ ಸಮಾಧಾನ ತರುತ್ತದೆ. ಶಿಲೀಂಧ್ರಕ್ಕೂ ಅದು ಸಮಾಧಾನದ ಕಾಲವೇ.

ಎಳೆ ಕಂಡ ಮೇಲೂ ತಪ್ಪಬಹುದು. ಅಗಲವಾದ, ಅಡ್ಡಗೋಡೆ ಕಡಿಮೆ ಇರುವ ಎಳೆಗಳು ಎಂದರೆ 2021ರ ನಂತರ ನಮ್ಮ ದೇಶದ ವೈದ್ಯರಿಗೆಲ್ಲ ತಟ್ಟನೆ ನೆನಪಾಗುವುದು ಮ್ಯೂಕರ್‌ಮೈಕೋಸಿಸ್, ಪತ್ರಿಕೆಗಳು ಬ್ಲಾಕ್ ಫಂಗಸ್ ಎಂದು ಕರೆದ ರೋಗ. (ಆ ಶಿಲೀಂಧ್ರ ಕಪ್ಪಲ್ಲ, ರಕ್ತ ಹರಿಯದೆ ಸತ್ತ ಅಂಗಾಂಶ ಕಪ್ಪು.) ಅದು ಜಠರಕ್ಕೂ ದೊಡ್ಡ ಕರುಳಿಗೂ ಬರುತ್ತದೆ, ಅವಧಿಗೆ ಮುನ್ನ ಹುಟ್ಟಿದ ಶಿಶುಗಳಲ್ಲಿ ಕರುಳನ್ನೇ ಕೊಳೆಯಿಸುತ್ತದೆ. ಆದರೆ ಮ್ಯೂಕರ್ ರಕ್ತನಾಳಗಳ ಗೋಡೆಯನ್ನು ಸೀಳಿ ಒಳಹೊಕ್ಕು ರಕ್ತದ ಹರಿವನ್ನೇ ನಿಲ್ಲಿಸುತ್ತದೆ. ದಿನಗಳ ಲೆಕ್ಕದಲ್ಲಿ ಹರಡುತ್ತದೆ. ಬೆಸಿಡಿಯೋಬೋಲಸ್ ಸಾಮಾನ್ಯವಾಗಿ ರಕ್ತನಾಳಗಳ ಗೊಡವೆಗೆ ಹೋಗದೆ, ತಿಂಗಳುಗಟ್ಟಲೆ ಗಡ್ಡೆ ಕಟ್ಟುತ್ತಾ ಕೂರುತ್ತದೆ. ಸ್ಲೈಡಿನಲ್ಲಿ ಈ ವ್ಯತ್ಯಾಸವನ್ನು ಹೇಳದೆ ಅಗಲವಾದ ಎಳೆಗಳಿರುವ ಶಿಲೀಂಧ್ರ ಎಂದಷ್ಟೇ ಬರೆದರೆ ಚಿಕಿತ್ಸೆ ತಲೆಕೆಳಗಾಗುತ್ತದೆ. ಮ್ಯೂಕರ್‌ಗೆ ಆಂಫೊಟೆರಿಸಿನ್ ಬಿ ಎಂಬ ಶಿಲೀಂಧ್ರನಾಶಕ ಮತ್ತು ತುರ್ತು ಶಸ್ತ್ರಚಿಕಿತ್ಸೆಯೇ ಆಧಾರ, ವೊರಿಕೊನಜೋಲ್ ಅದನ್ನು ಮುಟ್ಟುವುದೂ ಇಲ್ಲ. ಬೆಸಿಡಿಯೋಬೋಲಸ್‌ಗೆ ಇಟ್ರಾಕೊನಜೋಲ್, ವೊರಿಕೊನಜೋಲ್ ಒಳ್ಳೆಯ ಫಲ ಕೊಡುತ್ತವೆ, ಆಂಫೊಟೆರಿಸಿನ್ ಅನ್ನು ನಂಬಿ ಕೂರುವಂತಿಲ್ಲ. ಹಿಂದಿನವರು ಎರಡನ್ನೂ ಝೈಗೋಮೈಕೋಸಿಸ್ ಎಂಬ ಒಂದೇ ಚೀಲಕ್ಕೆ ಹಾಕಿದ್ದರು. ಆ ಹೆಸರನ್ನು ಈಗ ಕೈಬಿಟ್ಟಿದ್ದರೂ ಹಳೆಯ ವರದಿ ನಮೂನೆಗಳಲ್ಲಿ ಇನ್ನೂ ಕಾಣುತ್ತದೆ.

ಅನುಮಾನವಿಲ್ಲದೆ ಹೇಳಬೇಕೆಂದರೆ ಕಲ್ಚರ್, ಅಂದರೆ ತುಣುಕಿನಿಂದ ಶಿಲೀಂಧ್ರವನ್ನು ಬೆಳೆಸಿ ನೋಡುವ ಪರೀಕ್ಷೆ, ಬೇಕು, ಮತ್ತು ಇಲ್ಲಿಯೇ ಬಾಟಲಿಯ ವಿಷಯ ಬರುವುದು. ಹುಡುಗನ ಕರುಳು ಇಡಿಯಾಗಿ ಫಾರ್ಮಲಿನ್‌ನಲ್ಲಿ ಬಂದಿತ್ತು. ಅದರಲ್ಲಿ ಬೆಳೆಸಲು ಏನೂ ಉಳಿದಿರಲಿಲ್ಲ. ಮೇಣದ ಬ್ಲಾಕಿನಿಂದ ಕೊರೆದ ಪದರಗಳಲ್ಲಿ ಶಿಲೀಂಧ್ರದ ಡಿ.ಎನ್.ಎ. ಹುಡುಕುವ ಪಿ.ಸಿ.ಆರ್. ಪರೀಕ್ಷೆ ಮಾಡಿಸಬಹುದಾದರೂ ಫಾರ್ಮಲಿನ್ ಡಿ.ಎನ್.ಎ.ಯನ್ನು ತುಂಡರಿಸುವುದರಿಂದ ಫಲ ಸಿಗದೆ ಹೋಗುವುದೂ ಉಂಟು. ನಮಗೆ ಸಿಗಲಿಲ್ಲ. ಎಳೆಯ ರೂಪ, ಗುಲಾಬಿ ಹೊದಿಕೆ, ರಕ್ತದ ಇಯೊಸಿನೊಫಿಲ್ ಇವಿಷ್ಟನ್ನೇ ನೆಚ್ಚಿ ಚಿಕಿತ್ಸೆ ಶುರುಮಾಡಬೇಕಾಯಿತು.

ಇಟ್ರಾಕೊನಜೋಲ್ ಬರೆಯುವ ಮುನ್ನ ಅಜ್ಜಿ ಹೇಳಿದ ಕೆಂಪು ಮೂತ್ರದ ಮಾತು ನೆನಪಾದದ್ದು ಮಕ್ಕಳ ವಿಭಾಗದ ನನ್ನ ಸಹೋದ್ಯೋಗಿಗೆ. ರಿಫಾಂಪಿಸಿನ್ ಯಕೃತ್ತಿನ ಕಿಣ್ವಗಳನ್ನು ಎಷ್ಟು ಚುರುಕುಗೊಳಿಸುತ್ತದೆಂದರೆ, ಜೊತೆಗೆ ಕೊಟ್ಟ ಇಟ್ರಾಕೊನಜೋಲ್ ಅಥವಾ ವೊರಿಕೊನಜೋಲ್ ರಕ್ತದಲ್ಲಿ ನಿಲ್ಲುವುದೇ ಇಲ್ಲ. ರಿಫಾಂಪಿಸಿನ್ ನಿಲ್ಲಿಸಿದ ಮೇಲೂ ಆ ಚುರುಕು ಇಳಿಯಲು ಸುಮಾರು ಎರಡು ವಾರ ಹಿಡಿಯುತ್ತದೆ. ಕ್ಷಯವೂ ಇದ್ದೀತೆಂಬ ಭಯದಿಂದ ಎರಡನ್ನೂ ಒಟ್ಟಿಗೆ ಕೊಡುವವರನ್ನು ನಾನು ಕಂಡಿದ್ದೇನೆ. ಅಲ್ಲಿ ಶಿಲೀಂಧ್ರಕ್ಕೆ ಕೊಟ್ಟ ಔಷಧ ವ್ಯರ್ಥವಾಗಿ, ಔಷಧಕ್ಕೆ ರೋಗ ಬಗ್ಗಲಿಲ್ಲವೆಂಬ ತಪ್ಪು ತೀರ್ಮಾನಕ್ಕೆ ದಾರಿಯಾಗುತ್ತದೆ. ಹುಡುಗನ ಕ್ಷಯದ ಔಷಧವನ್ನು ನಿಲ್ಲಿಸಲಾಯಿತು. ಕಿಣ್ವಗಳ ಆಟ ಮುಗಿದ ಮೇಲೆ ರಕ್ತದಲ್ಲಿ ಇಟ್ರಾಕೊನಜೋಲ್ ಮಟ್ಟವನ್ನು ಅಳೆದು ಪ್ರಮಾಣವನ್ನು ಸರಿಪಡಿಸಲಾಯಿತು. ಈ ಕ್ಯಾಪ್ಸೂಲ್ ಕರಗಲು ಜಠರದ ಆಮ್ಲ ಬೇಕು. ಊಟದ ಜೊತೆಯಲ್ಲೇ ನುಂಗಬೇಕು, ಗ್ಯಾಸಿನ ಮಾತ್ರೆಯನ್ನು ದೂರವಿಡಬೇಕು, ಆಮ್ಲ ಕಡಿಮೆ ಇರುವವರಿಗೆ ಕೋಲಾ ಪಾನೀಯದ ಜೊತೆ ಕೊಟ್ಟರೆ ಹೆಚ್ಚು ಹೀರಿಕೆಯಾಗುತ್ತದೆ. ದ್ರವರೂಪದ ಇಟ್ರಾಕೊನಜೋಲ್ ಆದರೆ ಇದಕ್ಕೆ ವಿರುದ್ಧವಾಗಿ ಖಾಲಿ ಹೊಟ್ಟೆಯಲ್ಲಿ ಕೊಡಬೇಕು. ಔಷಧವನ್ನು ಹಲವು ತಿಂಗಳು, ಬಹಳ ಸಲ ಆರು ತಿಂಗಳಿಂದ ಒಂದು ವರ್ಷದವರೆಗೆ, ಯಕೃತ್ತಿನ ಪರೀಕ್ಷೆಗಳ ಮೇಲೆ ಕಣ್ಣಿಟ್ಟು ಮುಂದುವರಿಸಬೇಕಾಗುತ್ತದೆ. ಗುಣವಾಗುತ್ತಿದೆಯೇ ಎಂದು ತಿಳಿಯಲು ಅತ್ಯಂತ ಅಗ್ಗದ ಅಳತೆಗೋಲು, ನಾವು ಮೊದಲು ಕಡೆಗಣಿಸಿದ್ದ ಅದೇ ಇಯೊಸಿನೊಫಿಲ್. ಹುಡುಗನಲ್ಲಿ ಅದು ಎರಡನೆಯ ತಿಂಗಳಿಗೆ 900ಕ್ಕೆ, ಐದನೆಯ ತಿಂಗಳಿಗೆ 350ಕ್ಕೆ ಇಳಿಯಿತು. ಹತ್ತು ತಿಂಗಳಿಗೆ ಔಷಧ ನಿಲ್ಲಿಸಿದರು.

ಎರಡು ವರ್ಷಗಳ ನಂತರ ಐವತ್ತು ದಾಟಿದ ಅಡಿಕೆ ಬೆಳೆಗಾರರೊಬ್ಬರು ದೊಡ್ಡ ಕರುಳಿನ ಗಡ್ಡೆಯೊಂದಿಗೆ ಬಂದರು. ಎಲ್ಲರೂ ಕ್ಯಾನ್ಸರ್ ಎಂದೇ ಭಾವಿಸಿದ್ದರು. ಆದರೆ ಕೊಲೊನೋಸ್ಕೋಪಿಯ ತುಣುಕುಗಳಲ್ಲಿ ಕ್ಯಾನ್ಸರ್ ಇರಲಿಲ್ಲ, ಇಯೊಸಿನೊಫಿಲ್ 3,800 ಇತ್ತು. ಈ ಸಲ ವರದಿಯ ಬದಲು ಫೋನ್ ಮಾಡಿದೆ. ಸಿ.ಟಿ. ಮಾರ್ಗದರ್ಶನದಲ್ಲಿ ಗಡ್ಡೆಗೆ ನೇರವಾಗಿ ಸೂಜಿ ಹಾಕಿ ತುಣುಕು ತೆಗೆಯುವುದೆಂದೂ, ಒಂದು ಭಾಗ ಫಾರ್ಮಲಿನ್‌ಗೆ, ಇನ್ನೊಂದು ಭಾಗ ಶುದ್ಧ ಸಲೈನ್‌ಗೆ ಹಾಕುವುದೆಂದೂ ಮಾತಾಯಿತು. ಸಲೈನ್ ಬಾಟಲಿಯನ್ನು ಫ್ರಿಜ್‌ನಲ್ಲಿ ಇಡಬೇಡಿ ಎಂದು ಎರಡು ಸಲ ಹೇಳಿದೆ, ಏಕೆಂದರೆ ಸಂಜೆಯ ಹೊತ್ತು ಬಂದ ತುಣುಕನ್ನು ಮರುದಿನದವರೆಗೆ ತಂಪಿನಲ್ಲಿಡುವುದು ಎಲ್ಲ ಲ್ಯಾಬುಗಳ ಅಭ್ಯಾಸ, ಈ ಶಿಲೀಂಧ್ರವೋ ತಂಪನ್ನು ತಾಳದು. ಮೈಕ್ರೋಬಯಾಲಜಿಯವರಿಗೆ ತುಣುಕನ್ನು ಅರೆಯದೆ, ಸಣ್ಣದಾಗಿ ಕತ್ತರಿಸಿ ಸಬೂರೋ ಅಗರ್ ಎಂಬ, ಶಿಲೀಂಧ್ರ ಬೆಳೆಸುವ ಮಾಧ್ಯಮದ ಮೇಲೆ ಇಡುವಂತೆ ಕೇಳಿಕೊಂಡೆ. ಅರೆದರೆ ಅಡ್ಡಗೋಡೆಗಳು ಅಪರೂಪವಾದ ಉದ್ದನೆಯ ಎಳೆಗಳು ಒಡೆದು ಸಾಯುತ್ತವೆ.

ಮೂರನೆಯ ದಿನ ಮೈಕ್ರೋಬಯಾಲಜಿಯಿಂದ ಕರೆ ಬಂತು. ಪ್ಲೇಟಿನ ಮೇಲೆ ಮೇಣ ಮೆತ್ತಿದಂತೆ ಚಪ್ಪಟೆಯಾದ, ಬೂದು ಬೆರೆತ ಹಳದಿ ಬಣ್ಣದ, ಸುಕ್ಕುಗಟ್ಟಿದ ಒಂದು ಶಿಲೀಂಧ್ರ ವಸಾಹತು. ಅದರ ಸುತ್ತ ತಾನೇ ಸಿಡಿಸಿದ ಬೀಜಕಗಳಿಂದ ಎದ್ದ ಪುಟ್ಟ ಮರಿ ವಸಾಹತುಗಳು. ಪ್ಲೇಟನ್ನು ಬೆಳಕಿಗೆ ಹಿಡಿದರೆ ಗಾಜಿನ ಮುಚ್ಚಳದ ಒಳಮೈಯೆಲ್ಲ ಮಂಜು ಕೂತಂತೆ ಮಸುಕಾಗಿತ್ತು, ಅದೂ ಬೀಜಕಗಳದೇ. ಕೆಲ ದಿನಗಳ ನಂತರ ಸೂಕ್ಷ್ಮದರ್ಶಕದಲ್ಲಿ ಒಂದು ಪಕ್ಕಕ್ಕೆ ಕೊಕ್ಕು ಚಾಚಿದಂತಿರುವ ದುಂಡನೆಯ ಬೀಜಕಗಳು ಕಂಡವು, ಹೆಸರನ್ನು ಖಚಿತವಾಗಿ ಬರೆಯಲು ಅಷ್ಟು ಸಾಕಾಯಿತು. ಕರುಳು ಕತ್ತರಿಸುವ ಶಸ್ತ್ರಚಿಕಿತ್ಸೆಗೆ ಗೊತ್ತುಮಾಡಿದ್ದ ದಿನವನ್ನು ಶಸ್ತ್ರಚಿಕಿತ್ಸಕರು ಮುಂದೂಡಿದರು. ಔಷಧದ ಚೀಟಿ ಬರೆಯುವಾಗ ಬೆಳೆಗಾರರು ಜೇಬಿನಿಂದ ಗ್ಯಾಸಿನ ಮಾತ್ರೆಯ ಪಟ್ಟಿಯನ್ನು ತೆಗೆದು, ಎಂಟು ವರ್ಷದಿಂದ ದಿನಾ ಬೆಳಗ್ಗೆ ಒಂದು ನುಂಗುತ್ತಿರುವುದಾಗಿಯೂ, ಇದನ್ನೂ ಮುಂದುವರಿಸಬೇಕೇ ಎಂದೂ ಕೇಳಿದರು. ಮೊದಲು ಅದನ್ನು ನಿಲ್ಲಿಸಿ, ಆಮೇಲೆ ಇಟ್ರಾಕೊನಜೋಲ್ ಶುರುಮಾಡಲಾಯಿತು.